ಡಿಜಿಟಲ್‌ನಲ್ಲಿ ಪಳಗಿದ ಕೈಗೆ ಮೊದಲ 120 ರೋಲು

ಫಿಲ್ಮಿಗೆ ಆತ್ಮವಿದೆ, ಡಿಜಿಟಲ್‌ಗೆ ಇಲ್ಲ ಎಂಬ ಮಾತು ಕೇಳಿದರೆ ನನಗೆ ಮೈಯುರಿಯುತ್ತದೆ. ಇರುವ ವ್ಯತ್ಯಾಸವನ್ನು ಸ್ಕೇಲು ಹಿಡಿದೇ ಅಳೆಯಬಹುದು. ಫುಲ್ ಫ್ರೇಮ್ ಡಿಜಿಟಲ್ ಕ್ಯಾಮೆರಾದ ಸೆನ್ಸರ್ 36×24 ಮಿ.ಮೀ.; 120 ರೋಲು, ಅಂದರೆ ಹಿಂಬದಿಗೆ ಕಾಗದವಿರುವ ಅಗಲ ಫಿಲ್ಮು ಹಾಕುವ 6×6 (ಸೆಂ.ಮೀ. ಲೆಕ್ಕದ ಚೌಕ) ಕ್ಯಾಮೆರಾದ ನೆಗೆಟಿವ್ ಸುಮಾರು 56×56 ಮಿ.ಮೀ. ವಿಸ್ತೀರ್ಣದಲ್ಲಿ ಮೂರೂವರೆ ಪಟ್ಟು. ಮೀಡಿಯಂ ಫಾರ್ಮ್ಯಾಟ್ (ಫುಲ್ ಫ್ರೇಮಿಗಿಂತ ದೊಡ್ಡದು) ಎಂದೇ ಮಾರುವ ಡಿಜಿಟಲ್ ಕ್ಯಾಮೆರಾ ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್‌ನ ಸೆನ್ಸರ್ ಕೂಡ ಆ ನೆಗೆಟಿವ್‌ನ ಅರ್ಧಕ್ಕಿಂತ ಕಡಿಮೆ. ಆದರೂ ಮದುವೆ ಮನೆ, ಓಡುವ ಮಕ್ಕಳು, ರಾತ್ರಿಯ ಬೀದಿ ಇವಕ್ಕೆಲ್ಲ ಡಿಜಿಟಲ್ಲೇ ಸರಿ. ನಿಂತು ತೆಗೆಯುವ ಭಾವಚಿತ್ರಕ್ಕೆ, ಹಳೆಯ ಮನೆಯ ಜಗಲಿಗೆ 120 ರೋಲು ಹಾಕಿ.

ಎರಡು ಲೆನ್ಸಿನ ಹಳೆಯ 6×6 ಫಿಲ್ಮ್ ಕ್ಯಾಮೆರಾ ಯಾಶಿಕಾ ಮ್ಯಾಟ್ 124ಜಿ ಕೈಗೆ ಸಿಕ್ಕಿದೆ ಎಂದುಕೊಳ್ಳೋಣ. ಹಿಂಬಾಗಿಲು ತೆರೆದು ಮೊದಲು ಫಿಲ್ಮನ್ನು ಒತ್ತಿ ಹಿಡಿಯುವ ತಟ್ಟೆ ನೋಡಿ. ಅದು 12 ಚಿತ್ರಗಳ ಸ್ಥಾನದಲ್ಲಿರಬೇಕು. 24ರ ಸ್ಥಾನ ಎರಡರಷ್ಟು ಉದ್ದದ, ಈಗ ಸಿಗುವುದೇ ಅಪರೂಪವಾದ 220 ರೋಲಿಗೆ. ಖಾಲಿ ಸ್ಪೂಲು ಮೇಲೆ, ಹೊಸ ರೋಲು ಕೆಳಗೆ. ಕಾಗದದ ತುದಿಯನ್ನು ಖಾಲಿ ಸ್ಪೂಲಿನ ಸೀಳಿಗೆ ಸಿಕ್ಕಿಸಿ, ಕಾಗದದ ಮೇಲಿನ ಬಾಣ ಕ್ಯಾಮೆರಾದೊಳಗಿನ ಗುರುತಿಗೆ ನೇರವಾಗುವವರೆಗೆ ಸುತ್ತಿ, ಬಾಗಿಲು ಮುಚ್ಚಿ. ಹಿಡಿಕೆಯನ್ನು ತಿರುಗಿಸುತ್ತ ಹೋಗಿ; ಅದು ತಾನಾಗಿ ನಿಂತಾಗ ಚಿತ್ರದ ಸಂಖ್ಯೆ ತೋರುವ ಕಿಂಡಿಯಲ್ಲಿ 1 ಕಾಣುತ್ತದೆ. ಇದೆಲ್ಲ ನೆರಳಿನಲ್ಲೇ ನಡೆಯಲಿ.

ಕ್ಯಾಮೆರಾದ ಬೆಳಕಿನ ಮೀಟರನ್ನು ನಂಬಬೇಡಿ. ಅದು ಪಾದರಸದ ಬ್ಯಾಟರಿಗೆಂದು ಮಾಡಿದ್ದು, ಅಂಥ ಬ್ಯಾಟರಿ ಈಗ ಬರುವುದಿಲ್ಲ. ನಿಮ್ಮ ಡಿಜಿಟಲ್ ಕ್ಯಾಮೆರಾವನ್ನೇ ಮೀಟರ್ ಮಾಡಿಕೊಳ್ಳಿ. ಆದರೆ ಅದರ ಅಭ್ಯಾಸವನ್ನು ಮಾತ್ರ ಬಿಡಬೇಕು. ಡಿಜಿಟಲ್‌ನಲ್ಲಿ ಬಿಳಿ ಸುಟ್ಟುಹೋಗದಂತೆ ಕಾಯುತ್ತೀರಿ. ಕಪ್ಪುಬಿಳುಪು ನೆಗೆಟಿವ್‌ನಲ್ಲಿ ಕಾಯಬೇಕಾದದ್ದು ನೆರಳನ್ನು. ಬೆಳಕು ತುಸು ಹೆಚ್ಚಾದರೆ ಫಿಲ್ಮು ತಾಳಿಕೊಳ್ಳುತ್ತದೆ, ಕಡಿಮೆಯಾದರೆ ನೆರಳಿನ ಜಾಗದಲ್ಲಿ ನೆಗೆಟಿವ್ ಬೋಳಾಗಿಯೇ ಉಳಿಯುತ್ತದೆ.

ಉದಾಹರಣೆಗೆ ಇಲ್‌ಫೋರ್ಡ್ ಎಚ್‌ಪಿ5 ಎಂಬ ಕಪ್ಪುಬಿಳುಪು ರೋಲು, ಡಿಜಿಟಲ್‌ನಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಸೂಕ್ಷ್ಮತೆ) 400, ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್. ಸೂರಿನ ಕೆಳಗೆ, ಬಾಗಿಲ ಚೌಕಟ್ಟಿನ ಕೆತ್ತನೆ ಕಾಣಬೇಕಾದ ಕತ್ತಲೆಗೆ ಗುರಿಯಿಡಿ. ಲೆನ್ಸಿನ ರಂಧ್ರ ಎಫ್/5.6 ಇದ್ದರೆ 1/30 ಸೆಕೆಂಡು ಎಂದು ಬಂತು. ಮೀಟರ್ ಆ ಕತ್ತಲೆಯನ್ನು ಬೂದು ಮಾಡಲು ಹೊರಟಿದೆ. ನಮಗೆ ಅದು ಕತ್ತಲೆಯಾಗಿಯೇ, ಆದರೆ ಕೆತ್ತನೆ ತೋರುವಷ್ಟು ಬೇಕು. ಎರಡು ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧವಾಗುತ್ತದೆ) ಇಳಿಸಿ 1/125 ಇಡಿ. ಹೊರಗಿನ ಸುಣ್ಣದ ಗೋಡೆಯ ಚಿಂತೆ ಬೇಡ.

ಈ ಕ್ಯಾಮೆರಾದಲ್ಲಿ ಮೇಲಿನಿಂದ ಬಗ್ಗಿ ನೋಡುವ ಗಾಜಿನಲ್ಲಿ ಎಡಬಲ ಅದಲುಬದಲಾಗಿ ಕಾಣುತ್ತದೆ, ಕೈಗೆ ಬೇಗ ರೂಢಿಯಾಗುತ್ತದೆ. ಹತ್ತಿರದ ಮುಖಕ್ಕೆ ಇನ್ನೊಂದು ಎಚ್ಚರಿಕೆ: ನೋಡುವ ಲೆನ್ಸ್ ಮೇಲೆ, ತೆಗೆಯುವ ಲೆನ್ಸ್ ಕೆಳಗೆ. ಚೌಕಟ್ಟು ಕೂಡಿಸಿದ ಮೇಲೆ ಆ ಎರಡರ ಅಂತರದಷ್ಟು ಕ್ಯಾಮೆರಾ ಮೇಲೆತ್ತದಿದ್ದರೆ ತಲೆ ಕತ್ತರಿಸಿಹೋಗುತ್ತದೆ.

12 ಮುಗಿದ ಮೇಲೆ ಕಾಗದ ಪೂರ್ತಿ ಸುತ್ತಿಕೊಳ್ಳುವವರೆಗೆ ತಿರುಗಿಸಿ, ಸಡಿಲವಾಗದಂತೆ ಹಿಡಿದು ಅಂಟುಪಟ್ಟಿ ಸುತ್ತಿ, ತೊಳೆಯಲು ಕೊಡಿ.

ತೊಳೆದ ನೆಗೆಟಿವ್‌ಗೆ ಮತ್ತೆ ಡಿಜಿಟಲ್ ಬೇಕು. ಬೆಳಕಿನ ಫಲಕದ ಮೇಲಿಟ್ಟು, ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸಿನಲ್ಲಿ ಎಫ್/8ಕ್ಕೆ ತೆಗೆಯಿರಿ. ಸುತ್ತಲಿನ ಬೆಳಕನ್ನು ಕಪ್ಪು ಕಾಗದದಿಂದ ಮುಚ್ಚಿ. 6000×4000ರ ಸೆನ್ಸರಿನಲ್ಲಿ ಚೌಕ ಚಿತ್ರಕ್ಕೆ ದಕ್ಕುವುದು 4000×4000 ಮಾತ್ರ, 24 ಮೆಗಾಪಿಕ್ಸೆಲ್‌ನಲ್ಲಿ 16. ದೊಡ್ಡ ಪ್ರಿಂಟ್ ಹಾಕಿಸುವುದಾದರೆ ನಾಲ್ಕು ತುಂಡುಗಳಾಗಿ, ಅಂಚು ಒಂದರ ಮೇಲೊಂದು ಬರುವಂತೆ ತೆಗೆದು ಕಂಪ್ಯೂಟರ್‌ನಲ್ಲಿ ಜೋಡಿಸಿಕೊಳ್ಳಿ.