ಸೋಲಾರ್ ಬಿಸಿನೀರು: ಪೈಪಿನ ದಾರಿ ಮೊದಲು, ಪ್ಯಾನೆಲ್ ಆಮೇಲೆ

ಡಿಸೆಂಬರ್ ಬೆಳಿಗ್ಗೆ ಆರೂವರೆ. ಮಂಡ್ಯದಲ್ಲಿ ನಮ್ಮ ಭಾವನ ಹೊಸ ಮನೆ, ಗೃಹಪ್ರವೇಶ ಆಗಿ ಹದಿನೈದು ದಿನ. ತಾರಸಿ ಮೇಲೆ 200 ಲೀಟರಿನ ಸೋಲಾರ್ ಥಳಥಳ ಹೊಳೆಯುತ್ತಿದೆ. ಕೆಳಗೆ ಬಚ್ಚಲಲ್ಲಿ ನಾನು ಬಿಸಿನೀರಿನ ನಲ್ಲಿ ಬಿಟ್ಟು ನಡುಗುತ್ತಾ ನಿಂತಿದ್ದೇನೆ. ಅರ್ಧ ಬಕೆಟ್ ತುಂಬಿದರೂ ನೀರು ತಣ್ಣಗೇ ಇದೆ. "ಸ್ವಲ್ಪ ಹೊತ್ತು ಬಿಟ್ಟಿರೋ, ಬರುತ್ತೆ" ಅಂತ ಅಕ್ಕ ಹೊರಗಿಂದ ಕೂಗಿದಳು. ಬಂತು. ನಾಲ್ಕು ಚೊಂಬು ಹುಯ್ದುಕೊಳ್ಳುವಷ್ಟರಲ್ಲಿ ನಲ್ಲಿ ಗೊರಗೊರ ಅಂದು ನಿಂತೇ ಹೋಯಿತು.

ಮೇಲೆ ಹೋಗಿ ಟ್ಯಾಂಕಿನ ಪಕ್ಕದ ಪೈಪು ಮುಟ್ಟಿದೆ. ಕೈ ಸುಟ್ಟಿತು. ಅಂದರೆ ಸೋಲಾರ್ ಸರಿಯಾಗೇ ಇದೆ, ಕೆಟ್ಟಿರುವುದು ಪೈಪಿನ ದಾರಿ. ಮೈಸೂರಿನಲ್ಲಿ ಬೋಗಾದಿ, ದಟ್ಟಗಳ್ಳಿ ಕಡೆಯ ಗೆಳೆಯರ ಮನೆಗಳಲ್ಲೂ ಇದನ್ನೇ ನೋಡಿದ್ದೇನೆ. ಟೈಲ್ಸ್ ಅಂಟಿಸಿ, ಪೇಂಟ್ ಹೊಡೆದು ಮುಗಿಸಿದ ಮೇಲೆ ಸೋಲಾರ್ ನೆನಪಾಗುತ್ತದೆ. ಹಿಂದಿನವರ ಹಂಡೆ ಬಚ್ಚಲೊಳಗೇ ಇರುತ್ತಿತ್ತು, ಕೈ ಚಾಚಿದರೆ ಬಿಸಿನೀರು. ನಾವು ಹಂಡೆಯನ್ನು ಎರಡು ಮಹಡಿ ಮೇಲೆ ಕೂರಿಸಿದ್ದೇವೆ. ನೀರು ಇಳಿದು ಬರುವ ದಾರಿಯನ್ನೂ ನಾವೇ ಯೋಚಿಸಬೇಕಲ್ವಾ?

1. ಬಚ್ಚಲುಗಳನ್ನು ಒಂದರ ಮೇಲೊಂದು ಇಡಿಸಿ

ಇದು ನಕ್ಷೆ ಕಾಗದದ ಮೇಲಿರುವಾಗಲೇ ಆಗಬೇಕಾದ ಕೆಲಸ. ಕೆಳಗಿನ ಬಚ್ಚಲು, ಮೇಲಿನ ಬಚ್ಚಲು ಒಂದೇ ಗೆರೆಯಲ್ಲಿರಲಿ. ಪಕ್ಕದಲ್ಲಿ ಪೈಪುಗಳು ನೇರ ಇಳಿಯಲು ಒಂದೂವರೆ ಅಡಿಯ ಕಿಂಡಿ, ಅಂದರೆ ಡಕ್ಟ್, ಬಿಡಿಸಿ. ಅಡುಗೆಮನೆ ಸಿಂಕೂ ಹತ್ತಿರ ಬಂದರೆ ಇನ್ನೂ ಒಳ್ಳೆಯದು.

ಲೆಕ್ಕ ಸುಲಭ. ಮುಕ್ಕಾಲು ಇಂಚಿನ ಪೈಪು ಮೀಟರಿಗೆ ಸುಮಾರು ಕಾಲು ಲೀಟರ್ ನೀರು ಹಿಡಿಯುತ್ತದೆ. ಪೈಪು 16 ಮೀಟರ್ ಇದ್ದರೆ ಪ್ರತಿ ಬೆಳಿಗ್ಗೆ ನಾಲ್ಕು ಲೀಟರ್ ತಣ್ಣೀರು ಹೋದ ಮೇಲೇ ಬಿಸಿ. ಒಂದು ಇಂಚಿನ ಪೈಪಾದರೆ ಏಳು ಲೀಟರ್. ಭಾವನ ಮನೆಯ ಪ್ಲಂಬರ್ "ಫೋರ್ಸ್ ಬರುತ್ತೆ ಸಾರ್" ಅಂತ ಹಾಕಿದ್ದು ಒಂದು ಇಂಚೇ. ಮೇಲಿಂದ ಇಳಿಯುವುದು ಮುಕ್ಕಾಲು, ನಲ್ಲಿಗೆ ಹೋಗುವ ಕವಲು ಅರ್ಧ ಇಂಚು. ಇದಕ್ಕಿಂತ ದಪ್ಪ ಬೇಡ.

2. ನೆರಳು ನೋಡಿ

ಇದು ನಾನೇ ಮಾಡಿದ ತಪ್ಪು. ವಾಸ್ತು ಪ್ರಕಾರ ಓವರ್‌ಹೆಡ್ ಟ್ಯಾಂಕನ್ನು ನೈಋತ್ಯದಲ್ಲಿ ಎತ್ತರಕ್ಕೆ ಕೂರಿಸಿ, ಅದರ ಉತ್ತರಕ್ಕೆ ಸೋಲಾರ್ ಇಡಿಸಿದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹತ್ತು ಅಡಿ ಎತ್ತರದ ಟ್ಯಾಂಕಿನ ನೆರಳು ಡಿಸೆಂಬರ್ ಮಧ್ಯಾಹ್ನಕ್ಕೇ ಏಳು ಅಡಿ. ಮೂರೂವರೆ ಹೊತ್ತಿಗೆ ಈಶಾನ್ಯದ ಕಡೆಗೆ ಸುಮಾರು 15 ಅಡಿ ಚಾಚುತ್ತದೆ. ಬಿಸಿನೀರು ಜಾಸ್ತಿ ಬೇಕಾದ ಕಾಲದಲ್ಲೇ ಪ್ಯಾನೆಲ್ ನೆರಳಲ್ಲಿ!

ಪ್ಯಾನೆಲ್ಲನ್ನು ದಕ್ಷಿಣದ ಅಂಚಿಗೆ, ಆಗ್ನೇಯದ ಕಡೆ, ಮುಖ ದಕ್ಷಿಣಕ್ಕೆ ಮಾಡಿ ಇಡಿ. ಆಗ್ನೇಯ ಬೆಂಕಿಯ ಮೂಲೆ, ವಾಸ್ತು ಹೇಳುವವರೂ ತಕರಾರು ಮಾಡುವುದಿಲ್ಲ. ತಣ್ಣೀರು ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಕನಿಷ್ಠ ಒಂದು ಅಡಿ ಮೇಲಿರಬೇಕು. ಹಾಗಾಗಿ ಸ್ಟ್ಯಾಂಡಿನ ಎತ್ತರವನ್ನು ಮೇಸ್ತ್ರಿಗೆ ಮೊದಲೇ ಹೇಳಿ.

3. ಅಳತೆ, ಬಗೆ

ನಾಲ್ಕು ಜನ ಬಕೆಟ್ ಸ್ನಾನ ಮಾಡುವ ಮನೆಗೆ 100 ಲೀಟರ್ ಸಾಕು. ಷವರ್ ಕೆಳಗೆ ಹಾಡು ಹೇಳುತ್ತಾ ನಿಲ್ಲುವ ಮಕ್ಕಳಿದ್ದರೆ 200. ಕಾವೇರಿ ನೀರು ಬರುವ ಬಡಾವಣೆಯಲ್ಲಿ ತಾಮ್ರದ ಕೊಳವೆಯ ಫ್ಲಾಟ್ ಪ್ಲೇಟ್, ಅಂದರೆ ಚಪ್ಪಟೆ ಪ್ಯಾನೆಲ್ಲಿನ ಸೋಲಾರ್, ತಗೊಳ್ಳಿ. ಬೋರ್‌ವೆಲ್ಲಿನ ಗಡಸು ನೀರಾದರೆ ಆ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟಿಕೊಳ್ಳುತ್ತದೆ. ಅಂಥ ಕಡೆ ಬಿಚ್ಚಿ ತೊಳೆಯಬಹುದಾದ ಗಾಜಿನ ಟ್ಯೂಬೇ ವಾಸಿ.

4. ಪೈಪು ಎಲ್ಲೂ ಮತ್ತೆ ಮೇಲೇರಬಾರದು

ಹತ್ತರಲ್ಲಿ ಎಂಟು ಮನೆ ಕೆಡುವುದು ಇಲ್ಲೇ.

ಸಾಮಾನ್ಯವಾಗಿ ಏನಾಗುತ್ತದೆ ನೋಡಿ. ಸೋಲಾರ್ ಟ್ಯಾಂಕಿಂದ ಬಿಸಿನೀರಿನ ಪೈಪು ಇಳಿದು ತಾರಸಿ ನೆಲದ ಮೇಲೆ ಓಡುತ್ತದೆ. ತಾರಸಿ ಅಂಚಿನ ಮೋಟುಗೋಡೆ, ಅಂದರೆ ಪ್ಯಾರಾಪೆಟ್, ಸಿಗುತ್ತದೆ. ಕೊರೆಯುವುದಕ್ಕೆ ಸೋಮಾರಿತನ. ಪೈಪನ್ನು ಮೂರು ಅಡಿ ಮೇಲೆತ್ತಿ, ಪ್ಯಾರಾಪೆಟ್ ದಾಟಿಸಿ, ಹೊರಗೋಡೆಗೆ ಇಳಿಬಿಡುತ್ತಾರೆ. ಅಲ್ಲೊಂದು ಗೂನು ಬಂತು.

ನೀರು ಬಿಸಿಯಾದಾಗ ಅದರಲ್ಲಿ ಕರಗಿದ್ದ ಗಾಳಿ ಹೊರಬೀಳುತ್ತದೆ. ಒಲೆ ಮೇಲಿನ ಪಾತ್ರೆಯಲ್ಲಿ ಕುದಿಯುವ ಮುಂಚೆ ತಳದಲ್ಲಿ ಸಣ್ಣ ಗುಳ್ಳೆ ಏಳುತ್ತವಲ್ಲ, ಅದೇ. ಈ ಗಾಳಿ ಹೋಗಿ ಕೂರುವುದು ಗೂನಿನ ನೆತ್ತಿಯಲ್ಲಿ. ತಾರಸಿ ಟ್ಯಾಂಕಿನ ನೀರಿಗೆ ಅದನ್ನು ನೂಕುವಷ್ಟು ಒತ್ತಡ ಇರುವುದಿಲ್ಲ. ನಲ್ಲಿ ಗೊರಗೊರ ಅನ್ನುವುದು ಅದಕ್ಕೇ. "ಏರ್ ಹಿಡ್ಕೊಂಡಿದೆ" ಅಂತ ಪ್ಲಂಬರ್ ಬಂದು, ನಲ್ಲಿಗೆ ಬಾಯಿಟ್ಟು ಊದಿ, 300 ರೂಪಾಯಿ ತಗೊಂಡು ಹೋಗುತ್ತಾನೆ. ವಾರಕ್ಕೆ ಮತ್ತೆ ಅದೇ ಪಾಡು.

ಡಕ್ಟ್ ಇದ್ದರೆ ಈ ತಾಪತ್ರಯವೇ ಇಲ್ಲ, ಪೈಪು ನೇರ ಇಳಿಯುತ್ತದೆ. ಇಲ್ಲದಿದ್ದರೆ ಪ್ಯಾರಾಪೆಟ್ಟಿನ ಬುಡದಲ್ಲೇ ತೂತು ಕೊರೆಸಿ. ಪೈಪು ಹಾಯಿಸಿದ ಮೇಲೆ ಸುತ್ತ ಗಾರೆ ಗಟ್ಟಿಯಾಗಿ ಮೆತ್ತಿಸಿ, ಇಲ್ಲಾಂದ್ರೆ ಮಳೆನೀರು ಇಳಿಯುತ್ತದೆ. ತಾರಸಿ ಮೇಲಿನ ಪೈಪಿಗೆ ರಸಮಟ್ಟ ಇಟ್ಟು ನೋಡಿ, ಉದ್ದಕ್ಕೂ ಸ್ವಲ್ಪ ಸ್ವಲ್ಪ ಇಳಿಯುತ್ತಲೇ ಇರಬೇಕು. ಎರಡು ಕ್ಲಾಂಪಿನ ನಡುವೆ ಪೈಪು ಜೋತರೂ ಮುಂದಿನ ಕ್ಲಾಂಪಿನ ಬಳಿ ಗೂನು ಹುಟ್ಟುತ್ತದೆ. ಕ್ಲಾಂಪು ಹತ್ತಿರ ಹತ್ತಿರ ಹಾಕಿಸಿ. ಮೇಲೇರಿಸದೆ ಗತಿಯೇ ಇಲ್ಲ ಅಂದರೆ ಗೂನಿನ ನೆತ್ತಿಗೆ ಒಂದು ಗಾಳಿ ಪೈಪು ನಿಲ್ಲಿಸಿ. ಅದರ ಬಾಯಿ ತಣ್ಣೀರು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಿರಲಿ, ಇಲ್ಲದಿದ್ದರೆ ಬಿಸಿನೀರೆಲ್ಲ ತಾರಸಿ ಪಾಲು. ಸೋಲಾರ್ ಟ್ಯಾಂಕಿನದೇ ಗಾಳಿ ಪೈಪಿಗೂ ಇದೇ ಮಾತು. ಅದನ್ನಂತೂ ಯಾವತ್ತೂ ಮುಚ್ಚಬೇಡಿ. ಗಾಳಿ ಒಳಬರದಿದ್ದರೆ ನೀರು ಖಾಲಿಯಾಗುವಾಗ ಟ್ಯಾಂಕೇ ಒಳಕ್ಕೆ ನಜ್ಜಾಗುತ್ತದೆ.

ಭಾವನ ಮನೆಯಲ್ಲಿ ಒಂದು ಭಾನುವಾರ ಪ್ಯಾರಾಪೆಟ್ ಕೊರೆಸಿದೆವು, ಗೊರಗೊರ ನಿಂತಿತು. ಗೋಡೆಯೊಳಗಿನ ಒಂದು ಇಂಚಿನ ಪೈಪು ಮಾತ್ರ ಹಾಗೇ ಇದೆ. ಟೈಲ್ಸ್ ಒಡೆಯೋಣ ಅಂದಾಗ ಅಕ್ಕ ಗುರ್ ಅಂದಳು.

ಇನ್ನು ಪೈಪಿನ ವಿಷಯ. ಬಿಸಿನೀರಿಗೆ ಬಿಸಿ ತಡೆಯುವ ಕೆನೆಬಣ್ಣದ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಮಾತ್ರ. ಅಗ್ಗ ಅಂತ ಬಿಳಿ ಯುಪಿವಿಸಿ ಹಾಕಿದರೆ ಬಿಸಿಗೆ ಮೆತ್ತಗಾಗಿ ಜೋಲುತ್ತದೆ. ಅಂಟೂ ಸಿಪಿವಿಸಿಯದೇ ಇರಲಿ, ಡಬ್ಬಿ ಕೈಗೆ ತಗೊಂಡು ಓದಿ. ಎಷ್ಟೋ ಜನ ಉಳಿದ ಪಿವಿಸಿ ಅಂಟನ್ನೇ ಸವರಿ ಮುಗಿಸುತ್ತಾರೆ. ಪೈಪಿಗೆ ತೊಡಿಸುವ ಕಪ್ಪು ಫೋಮ್ ಕವಚ ಬಿಸಿಲಿಗೆ ಬರಿಯಾಗಿ ಬಿಟ್ಟರೆ ಪುಡಿಪುಡಿ. ಮೇಲೆ ಫಾಯಿಲ್ ಟೇಪು ಸುತ್ತಿಸಿ.

5. ಗೋಡೆ ಮುಚ್ಚುವ ಮುಂಚೆ

ನಲ್ಲಿ ಬಾಯಿಗೆಲ್ಲ ಪ್ಲಗ್ ಹಾಕಿಸಿ, ಪ್ರೆಶರ್ ಟೆಸ್ಟ್ ಪಂಪು ತರಿಸಿ, ಪೈಪಿಗೆ ನೀರಿನ ಒತ್ತಡ ಕೊಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪಂಪಿನ ಮೀಟರಿನ ಮುಳ್ಳು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಆಮೇಲೆ ಗೋಡೆಗೆ ಅಳತೆ ಟೇಪು ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ. ನಾಳೆ ಕನ್ನಡಿ ಹಾಕಲು ಮೊಳೆ ಹೊಡೆಯುವವರು ನೀವೇ.

6. ಗೀಸರ್ ಜೋಡಣೆ

ಮೋಡದ ದಿನಕ್ಕೆ ಗೀಸರ್ ಬೇಕು, ನಿಜ. ಸೋಲಾರ್ ನೀರೇ ಗೀಸರಿನೊಳಗೆ ಹೋಗುವ ಹಾಗೆ ಮಾಡಿಸಿ, ಪಕ್ಕಕ್ಕೆ ಬೈಪಾಸ್ ವಾಲ್ವ್ ಕೊಡಿಸಿ. ಬಿಸಿಲಿದ್ದರೆ ಬೈಪಾಸ್, ಮೋಡವಿದ್ದರೆ ಗೀಸರ್. ಬೆಚ್ಚಗಿನ ನೀರನ್ನು ಇನ್ನಷ್ಟು ಬಿಸಿ ಮಾಡಲು ಕರೆಂಟು ಕಡಿಮೆ ಸಾಕು. 25 ಲೀಟರಿನ ಗೀಸರು ತಣ್ಣೀರನ್ನು 60 ಡಿಗ್ರಿಗೆ ಏರಿಸಲು ಸುಮಾರು ಒಂದು ಯೂನಿಟ್ ತಿನ್ನುತ್ತದೆ. ದಿನಕ್ಕೆ ಎರಡು ಸಲ ಅಂದರೆ ತಿಂಗಳಿಗೆ 60. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮ ತಲೆಗೇ ಬರುತ್ತದೆ.

ತಣ್ಣೀರಿಗೆ ಮಾತ್ರ ಪ್ರೆಶರ್ ಪಂಪು ಹಾಕಿಸುವ ಷೋಕಿ ಬೇಡ. ಮಿಕ್ಸರ್ ತಿರುಗಿಸಿದಾಗ ತಣ್ಣೀರು ಬಿಸಿ ಪೈಪಿನೊಳಕ್ಕೇ ನುಗ್ಗುತ್ತದೆ. ಆಮೇಲೆ ಬೈಗುಳ ಸೋಲಾರ್‌ಗೆ.

7. ಮೊದಲ ನೀರು

ಗಾಜಿನ ಟ್ಯೂಬಿನದಾದರೆ ಮೊದಲ ಸಲ ನೀರನ್ನು ಬೆಳಿಗ್ಗೆ ಬೇಗ ಅಥವಾ ಸಂಜೆ ಬಿಡಿ. ಮಧ್ಯಾಹ್ನ ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿದ್ದರೆ ಪಟ್ ಅಂತ ಒಡೆಯುತ್ತದೆ. ಫಿಟ್ ಮಾಡುವವರು ಹನ್ನೆರಡು ಗಂಟೆಗೆ ಬಂದರೆ ಟ್ಯೂಬಿಗೆ ಗೋಣಿತಾಟು ಹೊದಿಸಿಡಿ. ಊಟ ಹಾಕಿ ಕಾಫಿ ಕೊಟ್ಟು ಬೇಕಾದರೂ ಸಂಜೆವರೆಗೆ ಕೂರಿಸಿಕೊಳ್ಳಿ.