ಅಂಗವೈಕಲ್ಯ ಕಾನೂನಿನಲ್ಲಿ ಎಲ್‌ಎಲ್‌ಎಂ: ಅರ್ಜಿಗೆ ಮೊದಲು ಒಂದು ತಕರಾರು ಹುಡುಕಿ

ಅಂತರರಾಷ್ಟ್ರೀಯ ಅಂಗವೈಕಲ್ಯ ಕಾನೂನು ಮತ್ತು ನೀತಿಯಲ್ಲಿ ಸ್ನಾತಕೋತ್ತರ ಪದವಿ ಓದಬೇಕೆನ್ನುವವರು ಅರ್ಜಿಯ ಜೊತೆಗಿಡುವ ತಮ್ಮ ಉದ್ದೇಶ ಪತ್ರವನ್ನು (ಸ್ಟೇಟ್‌ಮೆಂಟ್ ಆಫ್ ಪರ್ಪಸ್) ತಿದ್ದಿಕೊಡಿ ಎಂದು ನನಗೆ ಕಳುಹಿಸುತ್ತಾರೆ. ಹೆಚ್ಚಿನವುಗಳ ಧಾಟಿ ಒಂದೇ: ಬಾಲ್ಯದಿಂದಲೂ ಅಂಗವಿಕಲರ ಸೇವೆ ಮಾಡುವ ಹಂಬಲ. ನಾನು ಮೊದಲು ಹೊಡೆದುಹಾಕುವುದು ಆ ವಾಕ್ಯವನ್ನೇ. ನಾನು ದೃಷ್ಟಿಹೀನಳು. ನನಗೆ ಯಾರ ಹಂಬಲವೂ ಬೇಕಾಗಿಲ್ಲ, ಎಟಿಎಂನಿಂದ ನನ್ನ ಹಣವನ್ನು ನಾನೇ ತೆಗೆಯುವಂತಾದರೆ ಸಾಕು.

ಎಟಿಎಂ ಎಂದದ್ದು ಸುಮ್ಮನೆ ಅಲ್ಲ. ಹಂಗೇರಿಯ ಇಬ್ಬರು ದೃಷ್ಟಿದೋಷವುಳ್ಳವರು ತಮ್ಮ ಬ್ಯಾಂಕಿನ ಯಂತ್ರಗಳಲ್ಲಿ ಬ್ರೈಲ್ ಇಲ್ಲ, ಧ್ವನಿ ಸೂಚನೆ ಇಲ್ಲ, ಆದರೂ ಕಾರ್ಡಿನ ಶುಲ್ಕ ಮಾತ್ರ ಎಲ್ಲರಷ್ಟೇ ಎಂದು ಕೋರ್ಟಿಗೆ ಹೋದರು. ಅಲ್ಲಿ ಪೂರ್ಣ ಪರಿಹಾರ ಸಿಗದೆ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಸಮಿತಿಗೆ ದೂರು ಕೊಟ್ಟರು. ಅದೇ 1/2010ನೇ ದೂರು. ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ ಸುಲಭ ಪ್ರವೇಶದ (ಕಟ್ಟಡ, ಯಂತ್ರ, ಮಾಹಿತಿ ಎಲ್ಲವೂ ಅಂಗವಿಕಲರಿಗೂ ಬಳಸಲಾಗುವಂತಿರುವ) ಹಕ್ಕನ್ನು ಹೇಳುವ 9ನೇ ವಿಧಿಯನ್ನು ಹಂಗೇರಿ ಪಾಲಿಸಿಲ್ಲ ಎಂದು 2013ರಲ್ಲಿ ಸಮಿತಿ ತೀರ್ಮಾನಿಸಿತು. ಬ್ಯಾಂಕು ಖಾಸಗಿ, ಒಪ್ಪಂದವೂ ಖಾಸಗಿ. ಹೊಣೆ ಸರ್ಕಾರದ್ದಾದದ್ದು ಹೇಗೆ? ಎಲ್ಲ ಯಂತ್ರಗಳನ್ನೂ ಒಮ್ಮೆಗೇ ಬದಲಿಸಬೇಕೆ, ಹಂತ ಹಂತವಾಗಿಯೇ? ಖರ್ಚು ಯಾರದು? ಇಂಥ ಒಂದು ಪ್ರಶ್ನೆ ನಿಮ್ಮ ಉದ್ದೇಶ ಪತ್ರದ ಮೊದಲ ಪ್ಯಾರಾದಲ್ಲಿರಲಿ. ಪ್ರವೇಶ ಸಮಿತಿಯವರು ಮುಂದಿನ ಪ್ಯಾರಾವನ್ನೂ ಓದುತ್ತಾರೆ.

ಪ್ರಶ್ನೆ ಹುಟ್ಟಬೇಕಾದರೆ ಮೂಲವನ್ನೇ ಓದಬೇಕು. ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ವಿಶ್ವಸಂಸ್ಥೆ ಅಂಗೀಕರಿಸಿದ್ದು 2006ರ ಡಿಸೆಂಬರ್ 13ರಂದು. ಅದು ಜಾರಿಗೆ ಬಂದದ್ದು 2008ರ ಮೇ 3ರಂದು. ಇರುವುದು ಐವತ್ತೇ ವಿಧಿ, ಒಂದು ಸಂಜೆಯ ಓದು. ನಿಧಾನಿಸಬೇಕಾದದ್ದು 12ನೇ ವಿಧಿಯ ಹತ್ತಿರ. ಅಂಗವಿಕಲರಿಗೆ ಎಲ್ಲರಂತೆಯೇ ಕಾನೂನು ಸಾಮರ್ಥ್ಯ, ಅಂದರೆ ತಮ್ಮ ನಿರ್ಧಾರವನ್ನು ತಾವೇ ಕಾನೂನುಬದ್ಧವಾಗಿ ತೆಗೆದುಕೊಳ್ಳುವ ಹಕ್ಕು, ಇದೆ ಎನ್ನುತ್ತದೆ ಅದು. ಹಾಗಾದರೆ ಒಬ್ಬರ ಪರವಾಗಿ ಇನ್ನೊಬ್ಬರು ಸಹಿ ಹಾಕುವ ಪಾಲಕತ್ವದ ಕಾನೂನುಗಳ ಗತಿಯೇನು? ಅವು ಹೋಗಬೇಕು, ಅವರವರ ನಿರ್ಧಾರಕ್ಕೆ ನೆರವು ಕೊಡುವ ವ್ಯವಸ್ಥೆ ಬರಬೇಕು ಎಂದು ಸಮಿತಿ ವಿಧಿಗಳ ಅರ್ಥ ಬಿಡಿಸಿ ಹೇಳುವ ತನ್ನ ‘ಸಾಮಾನ್ಯ ಟಿಪ್ಪಣಿ’ಗಳಲ್ಲಿ ಮೊದಲನೆಯದರಲ್ಲೇ, 2014ರಲ್ಲಿ, ಖಡಾಖಂಡಿತವಾಗಿ ಹೇಳಿತು. ಕೆನಡಾ, ಆಸ್ಟ್ರೇಲಿಯಾ ಮಾತ್ರ ಒಡಂಬಡಿಕೆಗೆ ಸೇರುವಾಗಲೇ ಇದೇ ವಿಧಿಗೆ ತಮ್ಮದೇ ಷರತ್ತು, ಅರ್ಥವಿವರಣೆ ಜೋಡಿಸಿದ್ದವು. ಪ್ರಜ್ಞೆಯೇ ಇಲ್ಲದ ರೋಗಿಯ ವಿಷಯದಲ್ಲಿ ಏನು ಮಾಡುವುದು? ‘ಅವರ ಹಿತ’ ಎಂಬ ಅಳತೆಗೋಲು ಬೇಡ, ಅವರ ಇಚ್ಛೆ ಏನಿದ್ದೀತು ಎಂದು ಸಾಧ್ಯವಾದಷ್ಟು ಸರಿಯಾಗಿ ಗ್ರಹಿಸಿ ಎನ್ನುತ್ತದೆ ಸಮಿತಿ. ನನಗೆ ಇದು ಸರಿ ಎನಿಸುತ್ತದೆ. ಒಪ್ಪದ ವಿದ್ವಾಂಸರೂ ಇದ್ದಾರೆ, ಅವರನ್ನೂ ಓದಿ.

ಕಾನೂನಿನ ಜೊತೆಗೆ ‘ನೀತಿ’ ಏಕೆ ಎಂದು ಕೇಳುವವರಿಗೆ ನಾನು ತೋರಿಸುವುದು ಐರ್ಲೆಂಡನ್ನು. 1871ರ ‘ಲೂನಸಿ’ (ಹುಚ್ಚುತನ) ಕಾಯ್ದೆಯ ಬದಲಿಗೆ ನೆರವಿನಿಂದ ನಿರ್ಧರಿಸುವ ಹೊಸ ಕಾಯ್ದೆಯನ್ನು ಅಲ್ಲಿ 2015ರಲ್ಲೇ ಮಾಡಿದರು. ಅದರ ಮುಖ್ಯ ಭಾಗಗಳು ಜಾರಿಯಾದದ್ದು 2023ರ ಏಪ್ರಿಲ್‌ನಲ್ಲಿ. ನಡುವಿನ ವರ್ಷಗಳಲ್ಲಿ ಏನು ನಡೆಯಿತು, ಏನು ನಡೆಯಲಿಲ್ಲ ಎಂಬುದರ ಅಧ್ಯಯನವೇ ನೀತಿ.

ಅರ್ಜಿ ಹಾಕುವ ಮೊದಲು ಒಂದು ಕಸರತ್ತು ಮಾಡಿ. ಯಾವುದಾದರೂ ದೇಶವನ್ನು ಆರಿಸಿ, ಅದು ಸಮಿತಿಗೆ ಕೊಟ್ಟ ವರದಿ, ಅಂಗವಿಕಲರ ಸಂಘಟನೆಗಳು ಕೊಟ್ಟ ಪರ್ಯಾಯ ವರದಿ, ಕೊನೆಗೆ ಸಮಿತಿಯ ಅಭಿಪ್ರಾಯ ಮೂರನ್ನೂ ಎದುರುಬದುರು ಇಟ್ಟು ಓದಿ. ಆ ವರದಿಯ ಮೇಲೆ ಸಮಿತಿ ಜಿನೀವಾದಲ್ಲಿ ಸರ್ಕಾರದ ಅಧಿಕಾರಿಗಳೊಡನೆ ನಡೆಸುವ ಪ್ರಶ್ನೋತ್ತರವನ್ನು ವಿಶ್ವಸಂಸ್ಥೆಯ ವೆಬ್ ಟಿವಿಯಲ್ಲಿ ನೋಡಬಹುದು. ಕೇಳಿದ್ದೊಂದಕ್ಕೆ ಅಧಿಕಾರಿಗಳು ಇನ್ನೊಂದನ್ನು ಉತ್ತರಿಸುವ ಕಡೆಯೆಲ್ಲ ಗುರುತು ಹಾಕಿಕೊಳ್ಳಿ. ಪ್ರಬಂಧದ ವಿಷಯ ಅಲ್ಲೇ ಸಿಗುತ್ತದೆ.

ವಿಶ್ವವಿದ್ಯಾಲಯದ ಆಯ್ಕೆ ಇದಾದ ಮೇಲೆ. ಕಾನೂನೇ ಮುಖ್ಯ ಎನ್ನುವವರಿಗೆ ಐರ್ಲೆಂಡಿನ ಗಾಲ್ವೇ. ಒಂದು ವರ್ಷದ ಎಲ್‌ಎಲ್‌ಎಂ ಅಲ್ಲದೆ, ಅಲ್ಲಿಯ ಅಂಗವೈಕಲ್ಯ ಕಾನೂನು ಕೇಂದ್ರ ಬೇಸಿಗೆ ಶಿಬಿರವನ್ನೂ ನಡೆಸಿಕೊಂಡು ಬಂದಿದೆ. ಸಮಾಜಶಾಸ್ತ್ರದ ಕಡೆ ಒಲವಿದ್ದರೆ ಇಂಗ್ಲೆಂಡಿನ ಲೀಡ್ಸ್. ರ‍್ಯಾಂಕಿಂಗ್ ಪಟ್ಟಿ ಬದಿಗಿರಲಿ. ನಿಮ್ಮ ಪ್ರಶ್ನೆಯ ಮೇಲೆ ಬರೆದಿರುವ ಅಧ್ಯಾಪಕರು ಅಲ್ಲಿದ್ದಾರೆಯೇ, ಆ ವರ್ಷ ಪಾಠ ಮಾಡುತ್ತಾರೆಯೇ ಎಂದು ವಿಚಾರಿಸಿ. ವಿದ್ಯಾರ್ಥಿವೇತನದ ಕೊನೆಯ ದಿನ ಪ್ರವೇಶದ ಕೊನೆಯ ದಿನಕ್ಕಿಂತ ಬಹಳ ಮೊದಲೇ ಮುಗಿಯುವುದುಂಟು, ಅದನ್ನು ಮೊದಲು ನೋಡಿ.

ನೀವೂ ಅಂಗವಿಕಲರಾಗಿದ್ದರೆ ಪ್ರವೇಶ ಪತ್ರ ಬಂದ ದಿನವೇ ಅಂಗವಿಕಲ ವಿದ್ಯಾರ್ಥಿಗಳ ನೆರವಿನ ಕಚೇರಿಗೆ ಬರೆಯಿರಿ. ‘ಸೂಕ್ತ ಸೌಲಭ್ಯ ಒದಗಿಸಿ’ ಎಂದು ಬರೆದರೆ ಸೂಕ್ತ ಉತ್ತರ ಬರುತ್ತದೆ, ಸೌಲಭ್ಯ ಬರುವುದಿಲ್ಲ. ನಾನು ಓದಿದ ಕಡೆ ಪಠ್ಯಗಳೆಲ್ಲ ಪುಟಗಳ ಫೋಟೊ ತೆಗೆದಂಥ ಪಿಡಿಎಫ್‌ಗಳು. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ನನ್ನ ಸ್ಕ್ರೀನ್ ರೀಡರ್ ತಂತ್ರಾಂಶ ‘ಚಿತ್ರ, ಚಿತ್ರ’ ಎಂದಷ್ಟೇ ಓದುತ್ತಿತ್ತು. ಸುಲಭ ಪ್ರವೇಶದ ಹಕ್ಕಿನ ಪಾಠವೂ ಅದೇ ರೂಪದಲ್ಲಿ ಬಂದಿತ್ತು! ಆದ್ದರಿಂದ ಬಿಡಿಬಿಡಿಯಾಗಿ ಕೇಳಿ: ಸ್ಕ್ರೀನ್ ರೀಡರ್ ಅಕ್ಷರ ಗುರುತಿಸಬಲ್ಲಂಥ ಕಡತಗಳು ತರಗತಿಗೆ ಎಷ್ಟು ದಿನ ಮೊದಲು ಸಿಗುತ್ತವೆ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಎಷ್ಟು, ಸಂಜ್ಞಾ ಭಾಷೆಯ ದುಭಾಷಿ ಅಥವಾ ವೈಯಕ್ತಿಕ ಸಹಾಯಕರ ಖರ್ಚನ್ನು ವಿದೇಶಿ ವಿದ್ಯಾರ್ಥಿಗಳಿಗೂ ವಿಶ್ವವಿದ್ಯಾಲಯವೇ ಭರಿಸುತ್ತದೆಯೇ. ಫೋನಿನಲ್ಲಿ ‘ಆಗುತ್ತದೆ’ ಎಂದದ್ದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಶುಲ್ಕದ ಮುಂಗಡ ಕಟ್ಟುವುದು ಆಮೇಲೆ.