ಒಂದೇ ಚಾವಿಯ ಸೆಕೆಂಡ್ ಹ್ಯಾಂಡ್ 650 ಬೈಕಿಗೆ ಎರಡನೇ ಚಾವಿ, ಇಸಿಎಂ ಮುಟ್ಟದೆ

ಬೆಳಗಾವಿಗೆ ಬರುವ ಸೆಕೆಂಡ್ ಹ್ಯಾಂಡ್ ದೊಡ್ಡ ಬೈಕುಗಳಲ್ಲಿ ಅರ್ಧಕ್ಕರ್ಧ ಗೋವಾ, ಕೊಲ್ಹಾಪುರ, ಪುಣೆ ಕಡೆಯವೇ. ಗಾಡಿ ಚೊಕ್ಕ, ಕಾಗದ ಚೊಕ್ಕ, ಚಾವಿ ಮಾತ್ರ ಒಂದೇ. ಎರಡನೆಯದು ಎಲ್ಲಿ ಅಂದರೆ "ಮನ್ಯಾಗ ಎಲ್ಲೋ ಇರಬೇಕ್ರೀ". ಹೋಂಡಾ ಸಿಬಿಆರ್650ಎಫ್‌ನಂಥ, ಚಾವಿಯಲ್ಲಿ ಚಿಪ್ ಇರುವ ಗಾಡಿ ಆದರೆ ಕಥೆ ಇನ್ನೂ ಉದ್ದ. ಕೇಳಿದ ಕಡೆಯೆಲ್ಲ ಒಂದೇ ಮಾತು: "ಡುಪ್ಲಿಕೇಟ್ ನಡಿಯೂದಿಲ್ರೀ, ಇಸಿಎಂ ಸೆಟ್ಟೇ ಬದಲಿ ಮಾಡ್ಬೇಕು."

ಇಸಿಎಂ ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್. ಅದನ್ನು ಬದಲಿಸಬೇಕು ಅನ್ನುವ ಮಾತು ನಿಜವಾಗುವುದು ಎಲ್ಲಾ ಚಾವಿ ಕಳೆದಾಗ. ನೋಂದಣಿಯಾದ ಚಾವಿ ಒಂದೇ ಒಂದು ಕೈಯಲ್ಲಿದ್ದರೂ ಇಮೊಬಿಲೈಜರ್‌ಗೆ (ಗುರುತಿನ ಚಿಪ್ ಇಲ್ಲದೆ ಇಂಜಿನ್ ಚಾಲೂ ಆಗಲು ಬಿಡದ ಏರ್ಪಾಡು) ಹೊಸ ಚಾವಿ ಕಲಿಸಬಹುದು. ನಾನು ಹಾಗೆ ಕಲಿಸಿದ ಚಾವಿ ಎರಡು ಮಳೆಗಾಲ ದಾಟಿದೆ, ಬೆಳಗಾವಿಯ ಮಳೆಗಾಲ ಅಂದರೆ ಗೊತ್ತಲ್ಲ, ಒಂದು ಸಲವೂ ಕೈಕೊಟ್ಟಿಲ್ಲ. ಆಗೂದಿಲ್ಲ ಅಂದವರಲ್ಲಿ ಒಬ್ಬರು ಈಗ ಗಿರಾಕಿಗಳನ್ನು ಇತ್ತ ಕಳಿಸುತ್ತಾರೆ.

ದಾರಿ ಎರಡು. ಒಂದು ಕ್ಲೋನ್, ಅಂದರೆ ಹಳೆಯ ಚಿಪ್ಪಿನ ನಕಲು; ಇನ್ನೊಂದು ನೋಂದಣಿ, ಅಂದರೆ ಹೊಸ ಚಿಪ್ಪನ್ನು ಗಾಡಿಗೆ ಪರಿಚಯಿಸುವುದು. ಎರಡನ್ನೂ ಮಾಡಿ ನೋಡಿದ್ದೇನೆ. ಒಳಗಿರುವುದು ಐಡಿ46 ಚಿಪ್, 125 ಕಿಲೋಹರ್ಟ್ಜ್‌ನದು. ಕ್ಲೋನ್ ಮಾಡಲು ಹ್ಯಾಂಡಿ ಬೇಬಿ ಅಥವಾ ವಿವಿಡಿಐ ಥರದ, ಚಿಪ್ ಓದಿ ಬರೆಯುವ ಟೂಲ್ ಬೇಕು, ಅದು ಒಪ್ಪುವ ಕಾಪಿ ಚಿಪ್ ಬೇಕು. ಇಗ್ನಿಷನ್ ಲಾಕಿನ ಸುತ್ತ ಇರುವ ಕಾಯಿಲ್ ಹತ್ತಿರ ಟೂಲ್ ಹಿಡಿದು, ಮೂಲ ಚಾವಿ ತಿರುಗಿಸಿ, ಚಾವಿ ಮತ್ತು ಗಾಡಿ ನಡುವಿನ ಮಾತುಕತೆ ಕದ್ದು ಕೇಳಿಸಬೇಕು. ಟೂಲ್‌ಗೇ ಸಾವಿರಗಟ್ಟಲೆ ಹೋಗುತ್ತದೆ. ಚಾವಿ ನಡೆಯುತ್ತದೆ, ಆದರೆ ಅಸಲಿ ತೊಂದರೆ ಉಳಿದೇ ಹೋಯಿತು: ಕಳೆದ ಚಾವಿ ಇನ್ನೂ ಗಾಡಿ ಚಾಲೂ ಮಾಡುತ್ತದೆ. ಹಳೆಯ ಮಾಲೀಕನ ಮನೆಯಲ್ಲೋ ಬ್ರೋಕರ್ ಡ್ರಾವರಿನಲ್ಲೋ ಅದು ಬಿದ್ದಿದ್ದರೆ ರಾತ್ರಿ ನಿದ್ದೆ ಹೇಗೆ ಬರಬೇಕು? ನೋಂದಣಿಯಲ್ಲಿ ಕೈಯಲ್ಲಿಲ್ಲದ ಹಳೆಯ ಚಾವಿಯೆಲ್ಲ ರದ್ದಾಗುತ್ತದೆ. ಅದಕ್ಕೇ ನನ್ನ ವೋಟು ನೋಂದಣಿಗೆ.

ಮೊದಲು ಬ್ಲೇಡ್, ಅಂದರೆ ಲಾಕಿನೊಳಗೆ ಹೋಗುವ ಲೋಹದ ಭಾಗ. ಎಲೆಕ್ಟ್ರಾನಿಕ್ಸ್ ಕಡೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ಬಹಳಷ್ಟು ಕೆಲಸ ಹಾಳಾಗುವುದು ಕಟಿಂಗ್‌ನಲ್ಲಿ. ಸವೆದ ಚಾವಿಯನ್ನು ಮಶೀನಿಗೆ ಕೊಟ್ಟರೆ ಸವೆತವೂ ಕಾಪಿ ಆಗುತ್ತದೆ, ಅದರ ಮೇಲೆ ಮಶೀನಿನ ತಪ್ಪು ಬೇರೆ. ಹೊಸ ಗಾಡಿ ಜೊತೆ ಬರುವ ಚಾವಿ ನಂಬರಿನ ತಗಡು ಸಿಕ್ಕರೆ ಪುಣ್ಯ, ನಂಬರಿನಿಂದಲೇ ಕಟ್ ಮಾಡಿಸಿ. ಸಿಗದಿದ್ದರೆ ಪ್ರತಿ ಕಡಿತದ ಆಳವನ್ನು ವರ್ನಿಯರ್‌ನಲ್ಲಿ ಅಳೆದು ಬರೆದುಕೊಳ್ಳಿ. ಆಳಗಳು ಮನಸ್ಸಿಗೆ ಬಂದಂತೆ ಇರುವುದಿಲ್ಲ, ಗೊತ್ತಾದ ಮೆಟ್ಟಿಲುಗಳಲ್ಲಿ ಇರುತ್ತವೆ. ಅಳತೆ ಎರಡು ಮೆಟ್ಟಿಲ ನಡುವೆ ಬಂದರೆ ಎತ್ತರದ್ದೇ, ಅಂದರೆ ಕಡಿಮೆ ಆಳದ್ದೇ ಸರಿ, ಯಾಕಂದರೆ ಚಾವಿ ಸವೆಯುತ್ತದೆ, ಬೆಳೆಯುವುದಿಲ್ಲ. ಕಾಲು ಮಿಲಿಮೀಟರ್ ಸವೆತವೂ ಸಾಕು, ಕಾಪಿಯ ಕಾಪಿ ಮಳೆಯಲ್ಲಿ ಲಾಕಿನೊಳಗೆ ಜಾಮ್ ಆಗಲು.

ಚಿಪ್ ಹಾಕುವ ಮೊದಲೇ ಬ್ಲೇಡ್ ಪರೀಕ್ಷೆ ಮುಗಿಸಿ. ಮೊದಲು ಸೀಟ್ ಲಾಕ್, ಆಮೇಲೆ ಟ್ಯಾಂಕ್ ಮುಚ್ಚಳ, ಕೊನೆಗೆ ಇಗ್ನಿಷನ್. ಚಾವಿ ಸಿಕ್ಕಿಕೊಂಡು ಮುರಿದರೂ ಸೀಟ್ ಲಾಕ್ ಅಗ್ಗ. ಲಾಕಿಗೆ ಎಣ್ಣೆ ಬಿಡಬೇಡಿ, ನಮ್ಮ ಕೆಂಪು ಧೂಳು ಸೇರಿ ಕೆಸರಾಗುತ್ತದೆ. ಗ್ರಾಫೈಟ್ ಪುಡಿ ಸಾಕು.

ಚಾವಿಯ ತಲೆ ಪ್ಲಾಸ್ಟಿಕ್ಕಿನದೇ ಇರಲಿ. ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಸಿಎನ್‌ಸಿ ಮಶೀನ್‌ಗೆ ಬರವಿಲ್ಲ, ಆಲ್ಯುಮಿನಿಯಂ ತುಂಡಿನಿಂದ ಬಲು ಚೆಂದದ ತಲೆ ಕಡೆಸಿದ್ದೆ. ನೋಡಲು ಒಡವೆ, ಕೆಲಸಕ್ಕೆ ಸೊನ್ನೆ. ಇಗ್ನಿಷನ್ ಲಾಕಿನ ಸುತ್ತ ಇರುವ ಕಾಯಿಲ್ ಚಿಪ್‌ಗೆ ಶಕ್ತಿ ಕೊಡುವುದು ಆಯಸ್ಕಾಂತದ ಅಲೆಯಿಂದ, ಸುತ್ತ ಲೋಹ ಇದ್ದರೆ ಅಲೆ ಅಲ್ಲೇ ಸಾಯುತ್ತದೆ. ತಲೆಯೊಳಗೆ ಚಿಪ್ ಆದಷ್ಟು ಬ್ಲೇಡಿನ ಬುಡಕ್ಕೆ ಹತ್ತಿರ ಕೂಡಬೇಕು, ಅಲುಗಾಡಬಾರದು.

ಇನ್ನು ನೋಂದಣಿ. ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ. ಕ್ರ್ಯಾಂಕ್ ಸೆನ್ಸರ್‌ನ 2 ಪಿನ್ ಕನೆಕ್ಟರ್ ಹುಡುಕಿ; ಇಂಜಿನ್ ತಿರುಗುವುದನ್ನು ಇಸಿಎಂಗೆ ತಿಳಿಸುವ ಸೆನ್ಸರ್ ಅದು. ಎಷ್ಟು ಕವರ್ ಬಿಚ್ಚಬೇಕು ಅನ್ನುವುದು ಮಾಡೆಲ್ ಮೇಲೆ ಹೋಗುತ್ತದೆ, ಸೆನ್ಸರ್‌ನಿಂದ ಹೊರಟ ವೈರಿನ ಬೆನ್ನು ಹತ್ತಿದರೆ ಸಿಗುತ್ತದೆ. ಬಿಚ್ಚಿ, ವೈರಿಂಗ್ ಕಡೆಯ ಬಾಯಿಗೆ, ಅಂದರೆ ಇಸಿಎಂಗೆ ಹೋಗುವ ಕಡೆಗೆ, ಇನ್ಸ್‌ಪೆಕ್ಷನ್ ಅಡಾಪ್ಟರ್ (ನೋಂದಣಿಗೆ ಬೇಕಾದ, ಎರಡು ಕ್ಲಿಪ್ ಇರುವ ವೈರು) ಜೋಡಿಸಿ. ಅದರ ಕೆಂಪು ಕ್ಲಿಪ್ ಬ್ಯಾಟರಿ ಪ್ಲಸ್‌ಗೆ, ಹಸಿರು ಮೈನಸ್‌ಗೆ. ಹಳೆಯ ಚಾವಿಯಿಂದ ಇಗ್ನಿಷನ್ ಆನ್ ಮಾಡಿದರೆ ಮೀಟರಿನ ಹಿಸ್ (ಹೋಂಡಾದ ಇಮೊಬಿಲೈಜರ್) ದೀಪ ಹತ್ತಿ ಹಾಗೇ ಉಳಿಯುತ್ತದೆ. ಈಗ ಕೆಂಪು ಕ್ಲಿಪ್ ತೆಗೆದು, ಕನಿಷ್ಠ 2 ಸೆಕೆಂಡ್ ಬಿಟ್ಟು, ಮತ್ತೆ ಹಾಕಿ. ದೀಪ 2 ಸೆಕೆಂಡ್ ಉರಿದು, ಆಮೇಲೆ ನಾಲ್ಕು ನಾಲ್ಕು ಸಲ ಮಿಟುಕುತ್ತ ಹೋದರೆ ಇಸಿಎಂ ಕಲಿಯಲು ಕೂತಿದೆ ಎಂದರ್ಥ. ಲಾಕಿನಲ್ಲಿರುವ ಚಾವಿ ಬಿಟ್ಟು ಉಳಿದ ಎಲ್ಲಾ ಚಾವಿಗಳ ನೋಂದಣಿ ಆ ಹೊತ್ತಿಗೆ ಅಳಿಸಿ ಹೋಯಿತು.

ಆಫ್ ಮಾಡಿ, ಹಳೆಯದನ್ನು ತೆಗೆದು, ಹೊಸದನ್ನು ಹಾಕಿ ಆನ್ ಮಾಡಿ. ಅದೇ 2 ಸೆಕೆಂಡ್, ಅದೇ ನಾಲ್ಕು ಮಿಟುಕು ಬಂದರೆ ಚಾವಿ ದಾಖಲಾಯಿತು. ಒಟ್ಟು ನಾಲ್ಕು ಚಾವಿವರೆಗೆ ಜಾಗ ಇದೆ, ಮೂರನೆಯದು ಬೇಕಿದ್ದರೆ ಅದೇ ಸಲ ಮುಗಿಸಿ. ಅಡಾಪ್ಟರ್ ತೆಗೆದು, ಸೆನ್ಸರ್ ಕನೆಕ್ಟರ್ ಟಕ್ ಅನ್ನುವ ತನಕ ಒತ್ತಿ, ಪ್ರತಿ ಚಾವಿಯಿಂದಲೂ ಇಂಜಿನ್ ಚಾಲೂ ಮಾಡಿ ನೋಡಿ.

ದೀಪ ಮಿಟುಕದಿದ್ದರೆ? ಬಹಳ ಸಲ ಕಾರಣ ಪಕ್ಕದ ಚಾವಿ. ಹಳೆಯ ಚಾವಿ, ಕಾರಿನ ಚಾವಿ ಒಂದೇ ಗೊಂಚಲಿನಲ್ಲಿದ್ದರೆ ಎರಡು ಚಿಪ್ ಒಟ್ಟಿಗೆ ಮಾತಾಡಿ ಕಾಯಿಲ್‌ಗೆ ಗೊಂದಲ. ಕನಿಷ್ಠ 5 ಸೆಂ.ಮೀ. ದೂರ ಇರಬೇಕು, ನಾನಂತೂ ಇನ್ನೊಂದು ಮೇಜಿನ ಮೇಲೆ ಇಡುತ್ತೇನೆ. ಎರಡನೇ ಕಾರಣ ಚಿಪ್. ಅಂಗಡಿಯವರು 46 ಅಂತಲೇ ಕೊಡುವುದರಲ್ಲಿ ಬೇರೆ ಗಾಡಿಗೆ ಬಳಸಿ ಲಾಕ್ ಆದವೂ ಇರುತ್ತವೆ. ಖಾಲಿ ಪಿಸಿಎಫ್7936 (ಐಡಿ46 ಚಿಪ್ಪಿನ ಮಾಡೆಲ್ ಹೆಸರು) ಎಂದು ಕೇಳಿ, ಟೂಲ್ ಮೇಲೆ ಇಟ್ಟು ತೋರಿಸಿದ ಮೇಲೆ ದುಡ್ಡು ಕೊಡಿ. ಮೂರನೆಯದು ಗೋವಾ ಗಾಡಿಗಳ ಖಾಯಿಲೆ: ಉಪ್ಪು ಗಾಳಿಗೆ ಪಿನ್‌ಗಳು ಹಸಿರು ಹಿಡಿದಿರುತ್ತವೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಆಮೇಲೆ ಕೈ ಹಾಕಿ. ಹಸಿರು ಹಿಡಿದ ಪಿನ್ನಿನಲ್ಲಿ ಆರಂಭಿಸಿದರೆ ದೀಪ ಏನು ಹೇಳುತ್ತಿದೆ ಅನ್ನುವುದೇ ತಿಳಿಯುವುದಿಲ್ಲ.

ಅಡಾಪ್ಟರ್ ನಾನೇ ಮಾಡಿಕೊಂಡದ್ದು. ಯಾವ ಪಿನ್ನಿಗೆ ಯಾವ ವೈರ್, ನಡುವೆ ಏನು ಹಾಕಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಉಲ್ಟಾ ಆದರೆ ಇಸಿಎಂ ಹೋಗಬಹುದು, ಆಗ "ಬದಲಿ ಮಾಡ್ಬೇಕು" ಅಂದವರ ಮಾತೇ ನಿಜ ಆಗುತ್ತದೆ. ಸರ್ಕ್ಯೂಟ್ ಚಿತ್ರ ಓದಬಲ್ಲವರಿಗೆ ಹೇಳಬೇಕಾಗಿಯೂ ಇಲ್ಲ. ಬೇರೆ ಮಾಡೆಲ್ ಆದರೆ ಅದರ ವರ್ಕ್‌ಶಾಪ್ ಪುಸ್ತಕ ನೋಡದೆ ಈ ಕ್ರಮ ಹಚ್ಚಬೇಡಿ.

ಇನ್ನೊಂದು ಜುಗಾಡ್ ಕೇಳಿರಬಹುದು: ಚಿಪ್ಪನ್ನು ಕಾಯಿಲ್ ಪಕ್ಕದಲ್ಲೇ ಟೇಪ್ ಹಚ್ಚಿ ಬಿಟ್ಟು, ಸಾದಾ ಚಾವಿಯಿಂದ ಗಾಡಿ ನಡೆಸುವುದು. ನಡೆಯುತ್ತದೆ. ಆದರೆ ಇಮೊಬಿಲೈಜರ್ ಇದ್ದೂ ಇಲ್ಲದ ಹಾಗೆ, ಮೇಲಾಗಿ ಆಮೇಲೆ ಚಿಪ್ ಚಾವಿ ಹಾಕಿದರೆ ಅದೇ ಎರಡು ಚಿಪ್ಪಿನ ಗೊಂದಲ.

ಖರ್ಚು ನೆನಪಿದ್ದಷ್ಟು: ಚಿಪ್ ಇನ್ನೂರೈವತ್ತು ಮುನ್ನೂರು, ಬ್ಲ್ಯಾಂಕ್ (ಕಟ್ ಮಾಡದ ಖಾಲಿ ಚಾವಿ) ಐದಾರು ನೂರು, ಕಟಿಂಗ್ ಐನೂರರ ಆಸುಪಾಸು, ವೈರು ಕ್ಲಿಪ್ಪು ಕನೆಕ್ಟರ್ ಇನ್ನೂರು. ಒಂದೆರಡು ಬ್ಲ್ಯಾಂಕ್ ಹಾಳಾದರೂ ಮೂರು ಸಾವಿರದೊಳಗೆ. ಇಸಿಎಂ ಸೆಟ್ಟಿಗೆ ಹೇಳಿದ್ದು ಐವತ್ತು ಸಾವಿರದ ಮೇಲೆ, ಅದೂ ಮುಂಗಡ ಕೊಟ್ಟು ಕಾಯುವ ಲೆಕ್ಕ. ಬೇರೆಯವರ ಗಾಡಿ ಮಾಡುವಾಗ ಆರ್‌ಸಿ ಕೈಯಲ್ಲಿ ಹಿಡಿದು ಚಾಸಿ ನಂಬರ್ ಹೋಲಿಸಿ ನೋಡದೆ ಒಂದು ಸ್ಕ್ರೂ ಬಿಚ್ಚುವುದಿಲ್ಲ, ಎಂಎಚ್-09 ಇರಲಿ, ಕೆಎ-22 ಇರಲಿ.

ರದ್ದಾದ ಚಾವಿ ಇಂಜಿನ್ ಚಾಲೂ ಮಾಡಲಾರದು, ಆದರೆ ಹ್ಯಾಂಡಲ್ ಲಾಕ್, ಟ್ಯಾಂಕ್ ಮುಚ್ಚಳ, ಸೀಟ್ ಮೂರನ್ನೂ ಈಗಲೂ ತೆಗೆಯುತ್ತದೆ. ಸೀಟಿನ ಕೆಳಗೆ ಮೂಲ ಕಾಗದ ಇಡುವ ರೂಢಿ ಇದ್ದರೆ ಬಿಡಿ, ಹೊರಗೆ ನಿಲ್ಲಿಸುವಾಗ ಡಿಸ್ಕ್ ಲಾಕ್ ಹಾಕಿ.